ಘಟ್ಟದ ಗಿಡಕ್ಕೆ ಕಟ್ಟಿದ ದಾರ

...ಅಲ್ಲ, ಆ ದಾರ ಕೆಂಪಗಿತ್ತು ಎಂದು ನಾನು ಇಷ್ಟು ದಿನ ಹೇಳಿಕೊಂಡು ಬಂದದ್ದೇ ತಪ್ಪಿರಬಹುದು. ಮಾವ ಬಿಳಿ ಎನ್ನುತ್ತಾರೆ, ಅತ್ತೆ ಹಳದಿ ಎನ್ನುತ್ತಾರೆ. ಕಾರು ಓಡಿಸುತ್ತಿದ್ದವನು ನಾನು. ನನ್ನ ಕಣ್ಣು ತಿರುವಿನ ಮೇಲಿತ್ತು. ಆದರೆ ಒಂದು ಮಾತನ್ನು ಹಾವೇರಿಯ ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ: ಶಿರಸಿಯಿಂದ ಕುಮಟಾಕ್ಕೆ ಇಳಿಯುವ ಘಟ್ಟಕ್ಕೆ ಶಿಸ್ತು ಕಲಿಸಲು ಹೊರಟ ಏಕೈಕ ಮನುಷ್ಯ ನನ್ನ ಸೋದರಮಾವ!

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮಾವ ನಿವೃತ್ತಿಯವರೆಗೂ ಮಾಡಿದ್ದು ಒಂದೇ ಕೆಲಸ, ಬೀಜದ ಹೊಲದಲ್ಲಿ ಬೆರಕೆ ಗಿಡ ಕೀಳಿಸುವುದು. ಸಾಲಿನಲ್ಲಿ ಒಂದು ಗಿಡ ಉಳಿದವಕ್ಕಿಂತ ಗೇಣು ಎತ್ತರ ಕಂಡಿತೋ, ಹೂ ಬಿಡುವ ಮೊದಲೇ ಬದುವಿಗೆ! ಈ ಚಾಳಿ ಹೊಲದಲ್ಲೇ ನಿಂತಿತೇ? ಬ್ಯಾಡಗಿ ಮಾರ್ಕೆಟ್ಟಿಗೆ ಮನೆಗೆಂದು ಎರಡು ಕಿಲೋ ಮೆಣಸಿನಕಾಯಿ ತರಲು ಹೋದವರು ರಾಶಿಯ ಪಕ್ಕ ಕೂತು, ಅಸಲಿ ಬ್ಯಾಡಗಿಯಷ್ಟು ಸುಕ್ಕು ಬೀಳದ ಕಾಯಿಗಳನ್ನೆಲ್ಲ ಆರಿಸಿ ಆಚೆ ಎಸೆಯತೊಡಗಿದರು. ಹಮಾಲರು ಕೆಲಸ ಬಿಟ್ಟು ಸುತ್ತ ನೆರೆದರು. ಅಂಗಡಿಯವ ಕೈ ಮುಗಿದ: “ಕಾಕಾರ, ನೀವು ಹಿಂಗ ಆರಿಸ್ಕೋತ ಕುಂತ್ರ ಸಂಜೀಕ ಚೀಲದಾಗ ನೀವೊಬ್ರ ಉಳೀತೀರಿ.”

ಅತ್ತೆ ಮಾವನಿಗಿಂತ ಎರಡು ಬೆರಳು ಎತ್ತರ. “ಇವ್ರ ಕೈಗೆ ಸಿಕ್ಕೂ ಬೇರು ಉಳಿಸ್ಕೊಂಡಾಕಿ ನಾ ಒಬ್ಬಾಕಿ” ಎಂಬುದು ಅವರ ಹಳೆಯ ಮಾತು.

ಅತ್ತೆಗೆ ಇದ್ದದ್ದು ಒಂದೇ ಆಸೆ. ಕುಮಟಾದ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕು. ಹಾವೇರಿಯಲ್ಲಿ ಬೇಗ ಉಂಡು ಹೊರಟರೆ ಸಂಜೆಗೆ ಮೊದಲೇ ಮುಟ್ಟುವ ಊರು. ಎಷ್ಟು ಸುಲಭದ ಆಸೆ! ನಡುವೆ ಘಟ್ಟವೊಂದು ಇರಬಾರದಿತ್ತು, ಅಷ್ಟೆ.

ಮೊದಲ ಸಲ ಹೋದಾಗ ಮೂರನೇ ತಿರುವಿನಲ್ಲೇ ಮಾವ ಕಾರು ನಿಲ್ಲಿಸಲು ಹೇಳಿದರು. ರಸ್ತೆಯ ಪಕ್ಕದ ದಿಬ್ಬದ ತುಂಬ ಜರಿಗಿಡ, ಕಾಡುಕೆಸ, ಹಂಬು, ಮುಳ್ಳು, ಒಂದರ ಹೆಗಲ ಮೇಲೆ ಇನ್ನೊಂದು. ಸಾಲಿಲ್ಲ, ಅಂತರವಿಲ್ಲ, ಬಿತ್ತಿದವರಿಲ್ಲ. ಮಾವ ಅಭ್ಯಾಸದಂತೆ ಕೀಳಲು ಕೈ ಚಾಚಿದರು. ಕೈ ಗಾಳಿಯಲ್ಲೇ ನಿಂತಿತು. ಅರ್ಧ ಗಂಟೆ ನಿಂತಿತ್ತು ಎನ್ನುತ್ತದೆ ನನ್ನ ನೆನಪು. ನೆನಪಿಗೇನು, ಬಾಯಿಗೆ ಬಂದದ್ದು ಹೇಳುತ್ತದೆ!

“ಅಳಿಯಾ, ಇದರಾಗ ಅಸಲ ಯಾವುದು, ಬೆರಕಿ ಯಾವುದು?”

“ಬಿಡ್ರಿ ಅವನ್ನ,” ಎಂದರು ಅತ್ತೆ ಕಾರಿನೊಳಗಿಂದ, “ಅವೇನ ನಿಮ್ಮ ಕಂಪನಿಯವಲ್ಲ.”

ಅಲ್ಲೊಂದು ಪೊದೆಗೆ ನೇರಳೆ ಬಣ್ಣದ ಹೂ. ಮಾವ ಅದರ ಹೆಸರು ಕೇಳಿದ್ದಕ್ಕೆ ಎದುರಿನ ಚಹಾದಂಗಡಿಯ ಹೆಂಗಸು, “ಹೆಸರೆಂತದೋ, ಹಣ್ಣು ತಿಂದ್ರೆ ನಾಲಿಗೆ ಕಪ್ಪಾಗ್ತದೆ” ಎಂದಳು. ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿದ, ಎಂದರೆ ಕೈಯಿಂದ ಪರಾಗ ಮುಟ್ಟಿಸಿದ ಹೂವಿಗೆ ಗುರುತಿನ ದಾರ ಕಟ್ಟುತ್ತಾರಲ್ಲ, ಅದರ ಉಂಡೆ ನಿವೃತ್ತಿಯಾದ ಮೇಲೂ ಮಾವನ ಜೇಬಿನಲ್ಲೇ ಇತ್ತು. ಬರುವ ವರ್ಷ ಗುರುತು ಸಿಗಲೆಂದು ಪೊದೆಗೊಂದು ದಾರ ಕಟ್ಟಿದರು. ಆಮೇಲೆ ಹತ್ತು ಕಡೆ ಕಾರು ನಿಲ್ಲಿಸಲು ಹೇಳಿದರು. ನಾವು ಕುಮಟಾ ಮುಟ್ಟುವಷ್ಟರಲ್ಲಿ ಸೂರ್ಯ ತನ್ನ ಪಾಡಿಗೆ ಮುಳುಗಿ ಹೋಗಿದ್ದ.

ಮರುವರ್ಷ ಅತ್ತೆ ಮಾವನನ್ನು ಹಿಂದಿನ ಸೀಟಿನಲ್ಲಿ ಎರಡು ಚೀಲಗಳ ನಡುವೆ ಒತ್ತಿ ಕೂರಿಸಿದರು. ಆದರೂ ಮೂರನೇ ತಿರುವಿನಲ್ಲಿ ನಾನೇ ಬ್ರೇಕು ಹಾಕಿದೆ. ರಸ್ತೆ ಬದಿ ಸವರುವ ಗ್ಯಾಂಗಿನವರು ಅಲ್ಲಿಯ ತನಕ ದಿಬ್ಬವನ್ನು ಬೋಳಿಸಿದ್ದರು. ನಡುವೆ ಆ ಪೊದೆಯೊಂದೇ ನಿಂತಿತ್ತು. ಮೈತುಂಬ ದಾರ, ಬಳೆ, ಬುಡಕ್ಕೆ ಅರಿಷಿಣ, ಒಂದು ತೆಂಗಿನ ಹೋಳು! ಲಾರಿಯವನೊಬ್ಬ ಇಳಿದು ಕೈ ಮುಗಿದು ಹೋದ.

ಮಾವನ ದಾರವನ್ನು ಹರಕೆಯದೆಂದು ತಿಳಿದು ಯಾರೂ ಕತ್ತಿ ಹಾಕಲಿಲ್ಲವೆಂದೂ, ಕೆಳಗಿನ ತಿರುವುಗಳ ಪಾಳಿ ನಾಳೆಯೆಂದೂ ಚಹಾದಂಗಡಿಯವಳು ವರದಿ ಒಪ್ಪಿಸಿದಳು. ಅತ್ತೆ ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. ಚೀಟಿಯ ಮೇಲೊಂದು ಹೆಸರು, ಒಳಗೆ ಬೇರೊಂದು ಬೀಜ ಇದ್ದ ಚೀಲಗಳನ್ನು ಜೀವಮಾನವಿಡೀ ವಾಪಸು ಕಳಿಸಿದ ಮನುಷ್ಯ.

“ಇದು ಸುಳ್ಳ ಗುರುತು,” ಎಂದು ತಮ್ಮ ದಾರ ಬಿಚ್ಚಲು ಹೋದರು.

“ಬಿಚ್ಚಿ. ನಾಳೆ ಅದೂ ಹೋಗ್ತದೆ,” ಎಂದಳು ಅಂಗಡಿಯವಳು.

ಮಾವನ ಕೈ ಮತ್ತೆ ಗಾಳಿಯಲ್ಲೇ ನಿಂತಿತು. ಬಿಸಿಲು ಇನ್ನೂ ಎತ್ತರದಲ್ಲಿತ್ತು. ಆಗಲೇ ಹೊರಟಿದ್ದರೆ ಅತ್ತೆಗೆ ಸೂರ್ಯ ಸಿಗುತ್ತಿದ್ದ. ಅತ್ತೆ ಇಳಿದು ಬಂದು ಮಾವನ ಜೇಬಿನಿಂದ ಉಂಡೆ ತೆಗೆದರು.

“ಸಮುದ್ರ ಎಲ್ಲಿಗೂ ಹೋಗಂಗಿಲ್ಲ. ಕೆಳಗಿನ ಗಿಡ ನಾಳೆ ಇರಂಗಿಲ್ಲ. ಕಡದು ಕೊಡ್ರಿ.”

ಮಾವ ಹಲ್ಲಿನಿಂದ ದಾರ ಕಡಿದು ಕೊಟ್ಟರು, ಅತ್ತೆ ಕಟ್ಟಿದರು. ಜರಿಗಿಡಕ್ಕೆ, ಕೆಸಕ್ಕೆ, ಮುಳ್ಳಿಗೆ. ಅತ್ತೆಯ ಬೆರಳು ಎಷ್ಟು ಚುರುಕು! ಆಗ ನನಗೆ ನೆನಪಾಯಿತು: ಅತ್ತೆ ಮದುವೆಗೆ ಮೊದಲು ಕ್ರಾಸಿಂಗ್ ಕೆಲಸಕ್ಕೆ ಬರುತ್ತಿದ್ದವರು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ. ಮಾವ ಅವರನ್ನು ಕಂಡದ್ದು ಆ ಸಾಲಿನಲ್ಲೇ.

ಉಂಡೆ ಮುಗಿದ ಮೇಲೆ ಅತ್ತೆ ಸೆರಗಿನ ಗೊಂಡೆಯ ಎಳೆ ಬಿಚ್ಚಿಕೊಟ್ಟರು. ನಾನು ಕೆಂಪೆಂದು ನೆನೆಯುವುದು ಆ ಎಳೆಗಳನ್ನೇ ಇರಬಹುದು. ಬೆಳಕು ಇರುವ ತನಕ ಇಬ್ಬರೂ ತಿರುವಿನಿಂದ ತಿರುವಿಗೆ ಬಗ್ಗಿ ಬಗ್ಗಿ ನಡೆದರು. ನಾನು ಹಿಂದೆ ಕಾರು ತೆವಳಿಸಿದೆ. ಕುಮಟಾದಲ್ಲಿ ಅತ್ತೆಗೆ ದಕ್ಕಿದ್ದು ಕತ್ತಲಲ್ಲಿ ತೆರೆಯ ಸದ್ದು.

ವಾಪಸು ಬೇರೆ ದಾರಿಯಲ್ಲಿ ಬಂದೆವು. ಆಮೇಲೆ ಆ ಕಡೆ ಹೋಗಿಲ್ಲ. ಗ್ಯಾಂಗಿನವರು ಮರುದಿನ ಕತ್ತಿ ಬೀಸಿದರೋ, ಕೈ ಮುಗಿದರೋ, ನನಗೆ ಗೊತ್ತಿಲ್ಲ.