ತಿಥಿ ಕಾರ್ಡಿಗೆ ಬಂದ ಓರೆ ಅಕ್ಷರಕ್ಕೆ

ಕಂಪ್ಯೂಟರಿನಲ್ಲಿ ಸುಖವಾಗಿ ನೆಲೆಸಿರುವ ಮಾನ್ಯ ಓರೆ ಅಕ್ಷರದವರಿಗೆ ಕೆರಗೋಡಿನ ಶಿವರಾಮು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ತಮ್ಮ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಕಬ್ಬಿನ ಜಲ್ಲೆಯಷ್ಟು ದಪ್ಪವಾಗಿ ಇಳಿಯುವ ಗೆರೆ ತಿರುವಿಗೆ ಬಂದೊಡನೆ ರೇಷ್ಮೆ ಎಳೆಯಷ್ಟು ಸಣ್ಣಗಾಗುವುದು, ತುದಿತುದಿಗೂ ಪುಟ್ಟ ಪಾದ ಊರುವುದು, ಇಡೀ ಸಾಲು ಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಒಂದೇ ಕಡೆಗೆ ವಾಲುವುದು, ಇವೆಲ್ಲ ಚಿನ್ನದಂಗಡಿಯ ಬೋರ್ಡಿಗೂ ಅತ್ತರಿನ ಸೀಸೆಗೂ ಮದುವೆಯ ಕಾರ್ಡಿಗೂ ಎಷ್ಟು ಒಪ್ಪುತ್ತವೆಂದು ಬಲ್ಲೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಮದ್ದೂರಿನ ಪ್ರೆಸ್ಸಿನಲ್ಲಿದ್ದದ್ದು ಎರಡೇ ಬಗೆಯ ಅಕ್ಷರ; ಎರಡೂ ನೆಟ್ಟಗೆ ನಿಲ್ಲುತ್ತಿದ್ದವು, ಅವನ್ನು ಯಾರೂ ಹೊಗಳುತ್ತಿರಲಿಲ್ಲ, ಎಲ್ಲರೂ ಓದುತ್ತಿದ್ದರು.

ಹೋದ ವರ್ಷ ನನ್ನ ಅಣ್ಣ ಮುದ್ದಯ್ಯ ತೀರಿಕೊಂಡಾಗ, ಕಾರ್ಡು ಮಾಡುವ ಯತೀಶ್ ಎಂಬವರು ನಮ್ಮನ್ನೊಂದು ಮಾತೂ ಕೇಳದೆ ತಿಥಿಯ ಕಾರ್ಡಿಗೆ ತಮ್ಮನ್ನು ಆರಿಸಿದರು. ನಮ್ಮ ಕಡೆ ಕಾರ್ಡನ್ನು ಓದುವ ಮೊದಲು ಅದರ ಮುಖ ನೋಡುತ್ತೇವೆ. ಸಾದಾ ಕಪ್ಪಕ್ಷರವಿದ್ದರೆ ಸಾವಿನದೆಂದು ಹೊರಗೇ ಓದಿ ಹೊರಗೇ ಹರಿದು ಹಾಕುತ್ತೇವೆ. ಬಳುಕುವ ಅಕ್ಷರವಿದ್ದರೆ ಮದುವೆಯದೆಂದು ಒಳಗೆ ಒಯ್ದು ದೇವರ ಪಟದ ಹಿಂದೆ ಸಿಕ್ಕಿಸುತ್ತೇವೆ.

ಬೆಳಕವಾಡಿಯ ಜವರಯ್ಯನವರು ಅಣ್ಣನಿಗೆ ಐವತ್ತು ವರ್ಷದ ಗೆಳೆಯರು. ಕಣ್ಣಿನ ಪೊರೆ ತೆಗೆಸಿಕೊಂಡು ಮೈಸೂರಿನ ಮಗಳ ಮನೆಯಲ್ಲಿದ್ದ ಅವರಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಊರಿಗೆ ಮರಳಿದಾಗ ಬಾಗಿಲಲ್ಲಿ ಸಿಕ್ಕ ಕಾರ್ಡಿನಲ್ಲಿ ಕಂಡದ್ದು ದೊಡ್ಡಕ್ಷರದ ತಾರೀಖು, ಮುದ್ದಯ್ಯನ ಹೆಸರು. ಕೆಳಗೆ ತಿಥಿಯೆಂದು ಬರೆದಿದ್ದ ಸಾಲುಗಳಲ್ಲಿ ತಮ್ಮ ರೇಷ್ಮೆ ಎಳೆಗಳು ಆ ಕಣ್ಣಿಗೆ ಕಾಣಲೇ ಇಲ್ಲ. ಆರು ವರ್ಷದಿಂದ ಹೆಣ್ಣು ಸಿಗದಿದ್ದ ಅಣ್ಣನ ಮಗ ಅಪ್ಪುವಿಗೆ ಕೊನೆಗೂ ಮದುವೆಯೆಂದು ಹಿಗ್ಗಿ, ರೇಷ್ಮೆ ಪಂಚೆ ಉಟ್ಟು, ಮಲ್ಲಿಗೆ ಮುಡಿದ ಹೆಂಡತಿ ಬೆಟ್ಟಮ್ಮನವರೊಡನೆ, ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಹಿಡಿದು ಶಾಮಿಯಾನದೊಳಗೆ ಬಂದರು. ಎದುರಿಗೆ ಹಾರ ಹಾಕಿದ ಅಣ್ಣನ ಫೋಟೋ ಇತ್ತು.

ಬೆಟ್ಟಮ್ಮನವರು ಹೂವನ್ನು ಮೆಲ್ಲಗೆ ತೆಗೆದು ಸೆರಗಿಗೆ ಕಟ್ಟಿಕೊಂಡರು. ಜವರಯ್ಯನವರು ನನ್ನನ್ನು ಕೇಳಿದ್ದು ಇಷ್ಟೇ: “ಸತ್ತೋನ್ ತಿಥಿಗೆ ಮದ್ವೆ ಕಾರ್ಡ್ ಕಳ್ಸಿದ್ದೀಯಲ್ಲೋ ಸಿವ್ರಾಮ, ಒಂದ್ ಫೋನ್ ಮಾಡಕ್ಕೆ ಏನ್ಲಾ ಆಗಿತ್ತು ನಿಂಗೆ?” ಕಾರ್ಡು ಕಳಿಸಿದ್ದೇವಲ್ಲ ಎಂದು ಫೋನು ಮಾಡದಿದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಎಲೆಯ ಮುಂದೆ ಕೂರದೆ ಹೋದವರು ಹತ್ತು ತಿಂಗಳು ನಮ್ಮೊಡನೆ ಮಾತಾಡಲಿಲ್ಲ.

ಆದ್ದರಿಂದ ತಾವು ಖುದ್ದಾಗಿ ಬೆಳಕವಾಡಿಗೆ ದಯಮಾಡಿಸಿ, ಅವರ ಜಗುಲಿಯ ಮುಂದೆ ಒಂದು ಗಳಿಗೆ ನೆಟ್ಟಗೆ ನಿಂತು ಕ್ಷಮೆ ಕೇಳಬೇಕೆಂದೂ, ಇನ್ನು ಮುಂದೆ ಯಾರ ಮನೆಯಲ್ಲಿ ಸಾವಾದರೂ ಹನ್ನೊಂದು ದಿನ ಸೂತಕ ಹಿಡಿದು ಕಂಪ್ಯೂಟರಿನಿಂದ ಹೊರಗಿರಬೇಕೆಂದೂ ಪ್ರಾರ್ಥಿಸುತ್ತೇನೆ.

ಇನ್ನೂ ಕೈಯಲ್ಲೇ ಬರೆಯುವ ತಮ್ಮ ವಿಶ್ವಾಸಿ,
ಶಿವರಾಮು

ಮರೆತ ಮಾತು: ಮೊನ್ನೆ ಜವರಯ್ಯನವರು ಕೋಪ ಬಿಟ್ಟು, ಮೊಮ್ಮಗಳು ದೀಪಿಕಳ ಮದುವೆಯ ಕಾರ್ಡನ್ನು ನಮ್ಮ ಮೊಬೈಲಿಗೆ ಕಳಿಸಿದರು. ಅದರಲ್ಲೂ ತಾವೇ ವಿರಾಜಮಾನರು. ನಮ್ಮ ಮನೆಯಲ್ಲಿ ಈಗ ತಮ್ಮನ್ನು ಕಂಡರೆ ಸಾವೆಂದೇ ಲೆಕ್ಕ. ನನ್ನ ಹೆಂಡತಿ ನಾಗಶ್ರೀ, ಈ ಸಲವಾದರೂ ತಡವಾಗಬಾರದೆಂದು ಆ ಕ್ಷಣವೇ ಅವರಿಗೆ ಫೋನು ಮಾಡಿ, “ದೀಪಿಕಂಗೆ ಏನಾಗಿತ್ತು ಬಾವ, ಇಷ್ಟ್ ಚಿಕ್ಕ ವಯಸ್ಸಿಗೆ?” ಎಂದು ಅತ್ತಳು.