ಕುರಿಯಿಲ್ಲದ ಮನೆಗೆ ಮೇವು

ರಾಜಲಕ್ಷ್ಮಿಯ ಮನೆಯಲ್ಲಿ ಕುರಿ ಇರಲಿಲ್ಲ, ಮೇಕೆ ಇರಲಿಲ್ಲ. ಸ್ವೀಡನ್ನಿನ ಮಾಲ್ಮೋ ನಗರದ ಮೂರನೇ ಮಹಡಿಯ ಆ ಫ್ಲ್ಯಾಟಿನಲ್ಲಿ ಬೆಕ್ಕು ಸಾಕುವುದಕ್ಕೂ ಜಾಗ ಸಾಲದು. ಆದರೆ ಮೇವು ಮಾತ್ರ ಬೇಕಾದಷ್ಟಿತ್ತು. ಮಂಚದ ಕೆಳಗೆ ಮೇವಿನ ಚೀಲ, ಬಾಲ್ಕನಿಯಲ್ಲಿ ಮೇವಿನ ಚೀಲ, ಸಾಲದ್ದಕ್ಕೆ ದೇವರ ಗೂಡಿನ ಪಕ್ಕದಲ್ಲೂ ಒಂದು. (ಅರಿಶಿನ ಕುಂಕುಮಕ್ಕೆ ಬಂದ ಗೆಳತಿಯೊಬ್ಬಳು ಅದನ್ನು ಹುಣಸೆಹಣ್ಣೆಂದು ತಿಳಿದು, "ಎಲ್ಲಿ ಸಿಗ್ತು ಕಣೆ, ನಂಗೂ ಸ್ವಲ್ಪ ಕೊಡು" ಎಂದು ಒಂದು ಕವರ್ ತುಂಬಿಸಿಕೊಂಡು ಹೋಗಿದ್ದಳು. ಅವಳ ಮನೆಯ ಸಾರಿನ ಗತಿ ಏನಾಯಿತೆಂದು ಕೇಳುವ ಧೈರ್ಯ ರಾಜಲಕ್ಷ್ಮಿಗೆ ಇನ್ನೂ ಬಂದಿರಲಿಲ್ಲ.)

ಇಷ್ಟಕ್ಕೂ ಮೂಲಪುರುಷ ಅವಳ ಪತಿರಾಯ ಬದರಿನಾಥ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿ, ಹಾಲು ಪ್ಯಾಕೆಟ್ಟಿನಿಂದ ಬರುತ್ತದೆಂದು ನಂಬಿ ಬೆಳೆದವನು. ದಿನಾ ಬೆಳಿಗ್ಗೆ ರೈಲು ಹತ್ತಿ, ಸಮುದ್ರದ ಮೇಲಿನ ಉದ್ದ ಸೇತುವೆ ದಾಟಿ ಪಕ್ಕದ ದೇಶದ ಕೋಪನ್‌ಹೇಗನ್ನಿನ ಸಾಫ್ಟ್‌ವೇರ್ ಆಫೀಸಿಗೆ ಹೋಗಿಬರುತ್ತಿದ್ದ. ಎರಡು ಸಾವಿರದ ಐದನೇ ಇಸವಿಯ ಚಳಿಗಾಲದಲ್ಲಿ ಆಫೀಸಿನಲ್ಲಿ ಕೆಲಸ ಕಮ್ಮಿಯಾಯಿತು, ಇಂಟರ್‌ನೆಟ್ ಜಾಸ್ತಿಯಾಯಿತು. ಅಲ್ಲಿಗೆ ರಾಜಲಕ್ಷ್ಮಿಯ ಗ್ರಹಚಾರ ಶುರುವಾಯಿತು.

"ಹನಿ ಲೋಕಸ್ಟ್ ಅಂತ ಒಂದು ಮರ ಕಣೆ ರಾಜಿ," ಎಂದ ಒಂದು ಸಂಜೆ, ಬೂಟು ಕೂಡ ಬಿಚ್ಚದೆ.

"ಲೋಕಸ್ಟ್ ಅಂದ್ರೆ ಮಿಡತೆ ಅಲ್ವೇನ್ರೀ?"

"ಇದು ಮರ. ಅಮೆರಿಕದ್ದು. ಉದ್ದುದ್ದ ಕಾಯಿ ಬಿಡುತ್ತೆ, ಒಳಗಡೆ ಜೇನಿನ ಥರ ಸಿಹಿ ತಿರುಳು. ಕುರಿ, ದನ ಎಲ್ಲ ಬಿದ್ದು ತಿಂತವೆ. ಎಲೆ ಸಣ್ಣದು, ಬಿಸಿಲು ತಡೆಯಲ್ಲ, ಅದಕ್ಕೆ ಮರದ ಕೆಳಗೂ ಹುಲ್ಲು ಬೆಳೆಯುತ್ತೆ. ಕೆಳಗೆ ಹುಲ್ಲು, ಮೇಲೆ ಕಾಯಿ. ಒಂದೇ ಜಾಗದಲ್ಲಿ ಎರಡು ಬೆಳೆ."

"ಮಿಡತೆ ಬಂದು ಬೆಳೆ ತಿನ್ನೋದು ಕೇಳಿದೀನಿ. ಮಿಡತೇನೇ ಬೆಳೆಯೋರನ್ನ ಇವತ್ತೇ ನೋಡ್ತಿರೋದು."

ಬದರಿನಾಥ ನಗಲಿಲ್ಲ. ಅವನು ಆಗಲೇ ತನ್ನ ಯೋಜನೆಗೆ 'ದ್ವಿತಲ ಗೋಮಾಳ' ಎಂದು ನಾಮಕರಣ ಮಾಡಿ ಮುಗಿಸಿದ್ದ. ಮರಕ್ಕೆ ಬೆರಳುದ್ದದ ಮುಳ್ಳುಗಳಿರುತ್ತವೆ ಎಂಬ ವಿಷಯವನ್ನು ಮಾತ್ರ ಮರೆತವನಂತೆ ಬಿಟ್ಟಿದ್ದ. ಬದರಿ ಎಂದರೆ ಎಲಚಿ ಮರ; ಹೆಸರಿನಲ್ಲೇ ಮುಳ್ಳು ಇಟ್ಟುಕೊಂಡು ಹುಟ್ಟಿದವನು ಮುಳ್ಳಿನ ಮರಕ್ಕೆ ಮನಸೋತದ್ದರಲ್ಲಿ ವಿಶೇಷವೇನಿಲ್ಲ ಎಂದು ರಾಜಲಕ್ಷ್ಮಿಗೆ ಆಮೇಲೆ ಹೊಳೆಯಿತು.

ಅಂಚೆಯಲ್ಲಿ ಬೀಜ ಬಂತು. ಬೀಜವಲ್ಲ, ಬೆಣಚುಕಲ್ಲು. ಸಿಪ್ಪೆ ತರಿಯದೆ ನೆಟ್ಟರೆ ಮೊಳಕೆ ಬರದಂತೆ. ಭಾನುವಾರ ಇಡೀ ಬದರಿನಾಥ ಅವಳ ಉಗುರು ತೀಡುವ ಅರದಲ್ಲಿ ಒಂದೊಂದೇ ಬೀಜವನ್ನು ಉಜ್ಜಿದ. ರಾತ್ರಿ ಅವಳ ಕಾಫಿ ಫ್ಲಾಸ್ಕಿನಲ್ಲಿ ಬಿಸಿನೀರು ಹಾಕಿ ನೆನೆಸಿದ. ಬೀಜ ಉಬ್ಬಿ, ಮೊಳೆತು, ಕಿಟಕಿ ಕಟ್ಟೆಯ ಮೇಲಿದ್ದ ಅವಳ ತುಳಸಿಯನ್ನು ಮೂಲೆಗೆ ತಳ್ಳಿ ಸಸಿಗಳಾಗಿ ನಿಂತವು.

ನಿಜವಾದ ಏಟು ಬಿದ್ದದ್ದು ತೋಟದ ವಿಷಯದಲ್ಲಿ. ಆ ದೇಶದಲ್ಲಿ ಫ್ಲ್ಯಾಟಿನವರಿಗೆ ಊರಾಚೆ ಅಂಗೈಯಗಲದ ತೋಟಗಳನ್ನು ಬಾಡಿಗೆಗೆ ಕೊಡುತ್ತಾರೆ. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಮೆಂತ್ಯ, ಕೊತ್ತಂಬರಿ, ದಂಟಿನ ಸೊಪ್ಪು ಬೆಳೆಯುವ ಕನಸಿನಲ್ಲಿ ರಾಜಲಕ್ಷ್ಮಿ ಕಾದಿದ್ದಳು. ತೋಟ ಸಿಕ್ಕ ವಾರವೇ, ಅವಳು ಒಂದು ಕಾಳು ಬಿತ್ತುವ ಮೊದಲೇ ಮಿಡತೆ ಸೈನ್ಯ ಅಲ್ಲಿ ಠಿಕಾಣಿ ಹೂಡಿತು. ತೋಟದ ಸಂಘದವರು, ಇಲ್ಲಿ ಆಳೆತ್ತರದ ಸೇಬಿನ ಗಿಡಕ್ಕಷ್ಟೇ ಅನುಮತಿ, ಇದು ಚರ್ಚಿನ ಗೋಪುರದಷ್ಟು ಬೆಳೆಯುತ್ತದೆ ಎಂದರು. "ಅದಕ್ಕಿನ್ನೂ ಬೇಕಾದಷ್ಟು ಟೈಮಿದೆ," ಎಂದು ಬದರಿನಾಥ ಅವರಿಗೇ ಸಮಾಧಾನ ಹೇಳಿ ಬಂದ. ಹಿಮ ಬಿದ್ದಾಗಲಾದರೂ ಸಾಯಬಹುದೆಂದು ರಾಜಲಕ್ಷ್ಮಿ ಆಸೆಯಿಂದ ಕಾದಳು. ಒಂದೆರಡು ಸತ್ತವು. ಉಳಿದವು ವಸಂತದಲ್ಲಿ ಚಿಗುರಿ, ಜೊತೆಗೆ ಮುಳ್ಳನ್ನೂ ಬಿಟ್ಟವು.

"ಕಾಯಿ ಯಾವಾಗ ಬಿಡುತ್ತೆ?"

"ಹತ್ತು ವರ್ಷ ಆಗಬಹುದು. ಹೆಣ್ಣು ಮರ ಆದ್ರೆ."

"ಗಂಡಾದ್ರೆ?"

"ಗಂಡಾದ್ರೆ ಬಿಡಲ್ಲ."

"ಸರಿ, ಗಂಡು ಅಂದ್ಮೇಲೆ ಬರೀ ಮುಳ್ಳು," ಎಂದಳು ರಾಜಲಕ್ಷ್ಮಿ.

ಹತ್ತು ವರ್ಷ ಕಾಯುವ ಜಾಯಮಾನ ಬದರಿನಾಥನದಲ್ಲ. ಮರುವರ್ಷದ ಶರತ್ಕಾಲದಲ್ಲಿ, ಅವನ ಆಫೀಸಿನ ಹಿಂದಿನ ಪಾರ್ಕಿನಲ್ಲೇ ಇಂಥದೊಂದು ಹಳೇ ಹೆಣ್ಣು ಮರ ಇರುವುದು ಪತ್ತೆಯಾಯಿತು. ಅಲ್ಲಿನ ಬೇಸಿಗೆ ಆ ವರ್ಷ ಚೆನ್ನಾಗಿ ಕಾದಿದ್ದರಿಂದ ಕಂದುಬಣ್ಣದ, ಚರ್ಮದ ಬೆಲ್ಟು ತಿರುಚಿದಂಥ ಕಾಯಿಗಳು ನೆಲದ ತುಂಬ ಬಿದ್ದಿದ್ದವು. ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ದಿನಕ್ಕೊಂದು ಚೀಲದಂತೆ ಮೇವು ಸಮುದ್ರ ದಾಟತೊಡಗಿತು. ಒಂದು ಸಂಜೆ ಸ್ಟೇಷನ್ನಿನಲ್ಲಿ ಕಸ್ಟಮ್ಸ್ ಅಧಿಕಾರಿ ಅವನನ್ನು ತಡೆದ.

"ಚೀಲದಲ್ಲಿ ಏನಿದೆ?"

"ಕುರಿ ಮೇವು."

"ನಿಮ್ಮ ಹತ್ತಿರ ಎಷ್ಟು ಕುರಿ ಇವೆ?"

"ಸದ್ಯಕ್ಕೆ ಇಲ್ಲ."

"ಜಮೀನು?"

"ಅದೂ ಇಲ್ಲ."

ಅಧಿಕಾರಿಯ ನಾಯಿ ಚೀಲಕ್ಕೆ ಮೂತಿ ಇಟ್ಟು, ಸೀನಿ, ಪಕ್ಕಕ್ಕೆ ಹೋಗಿ ಕುಳಿತಿತು. ಅಧಿಕಾರಿ ರಾಜಲಕ್ಷ್ಮಿಗೆ ಫೋನ್ ಮಾಡಿದ. ಅವಳು ಕೆಲಸ ಮಾಡುತ್ತಿದ್ದುದು ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ. ಅಳುವ ಮಗುವೊಂದನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಫೋನ್ ಎತ್ತಿದಳು. ನಿಮ್ಮ ಗಂಡ ಹೇಳುತ್ತಿರುವುದು ನಿಜವೇ ಎಂದು ಆತ ಕೇಳಿದ. "ದುರದೃಷ್ಟಕ್ಕೆ ನಿಜ," ಎಂದು ಅವಳು ಅಚ್ಚ ಸ್ವೀಡಿಷ್‌ನಲ್ಲಿ ಹೇಳಿದಳು.

ಮನೆಗೆ ಬಂದ ಕಾಯಿ ಹಸಿಯಾಗಿತ್ತು, ಬೂಸರು ಹಿಡಿಯುವ ಭಯ. ಕಟ್ಟಡದವರಿಗೆಲ್ಲ ಸೇರಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಜಾಗ, ಅದರ ಪಕ್ಕ ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಕೋಣೆ. ತನ್ನ ಪಾಳಿಯ ದಿನ ಬದರಿನಾಥ ಅಲ್ಲಿ ಬಟ್ಟೆಗೆ ಬದಲು ಕಾಯಿ ಹರವಿದ. ಮರುಪಾಳಿಯವರ ಬಿಳಿ ಪರದೆಗಳಿಗೆಲ್ಲ ಜೋನಿಬೆಲ್ಲದ ವಾಸನೆ ಹತ್ತಿತು. ಕಟ್ಟಡದ ಸಂಘದ ಅಧ್ಯಕ್ಷೆ ರಾಜಲಕ್ಷ್ಮಿಯನ್ನು ಫೀಕಾಕ್ಕೆ, ಅಂದರೆ ಕಾಫಿ ತಿಂಡಿಗೆ, ಕರೆದಳು. ಆ ದೇಶದಲ್ಲಿ ಬೈಗುಳವನ್ನು ಕೂಡ ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಜೊತೆಗೇ ಕೊಡುತ್ತಾರೆ. ಅಧ್ಯಕ್ಷೆ ದನಿ ಏರಿಸಲಿಲ್ಲ. ಬನ್ನು ತೆಗೆದುಕೊಳ್ಳಿ ಎಂದು ಒತ್ತಾಯ ಮಾಡುತ್ತಲೇ, ನಿಮ್ಮ ದೇಶದಲ್ಲಿ ಇದು ಸಂಪ್ರದಾಯವೇ ಎಂದು ಕೇಳಿದಳು. ರಾಜಲಕ್ಷ್ಮಿ ಬೇಡದಿದ್ದರೂ ಎರಡನೇ ಬನ್ನಿಗೆ ಕೈ ಹಾಕಿದಳು. ಎಂಟು ವರ್ಷದ ಮಗಳು ಸ್ಪಂದನಾ ಕಟ್ಟಡದ ಮಕ್ಕಳ ಬಾಯಲ್ಲಿ ಸುದ್ದಿ ಕೇಳಿ ಮನೆಗೆ ಬಂದು, "ಪಿನ್‌ಸಾಮ್ತ್," ಎಂದು ಬಾಗಿಲು ಹಾಕಿಕೊಂಡಳು. ಮಾನ ಹರಾಜಾಗುವುದಕ್ಕೆ ಅಲ್ಲಿಯ ಮಕ್ಕಳು ಅನ್ನುವ ಮಾತು ಅದು.

ಆ ಸಂಜೆ ರಾಜಲಕ್ಷ್ಮಿ ಕುಕ್ಕರ್ ಆರಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಇಷ್ಟೊಂದು ಮೇವು ಯಾವ ಕುರಿಗೆ?"

"ಮುಂದೆ ಕುರಿ ಬರುತ್ತಲ್ಲ."

"ಮುಂದೆ ಯಾಕೆ, ಈಗ್ಲೇ ಇದೆಯಲ್ಲ. ಮದುವೆ ಆದಾಗಿಂದ ನನ್ನ ಕುರಿ ಮಾಡ್ತಾನೇ ಇದೀರಿ."

"ನಿಂಗೆ ವಿಷನ್ ಇಲ್ಲ ರಾಜಿ."

"ಆಯ್ತು. ನಮ್ಮ ದಾಗಿಸ್‌ನ ಗುನಿಲ್ಲಾ ಮನೇಲಿ ಕುರಿ ಸಾಕಿದಾರೆ. ಶನಿವಾರ ಹೋಗೋಣ. ಕುರಿಗಳೇ ಬೇಡ ಅಂದ್ರೆ ಚೀಲ ಎಲ್ಲ ಆಚೆ, ತೋಟದಲ್ಲಿ ಮೆಂತ್ಯ. ಒಪ್ತೀರಾ?"

"ತಿಂದ್ರೆ?"

"ತಿಂದ್ರೆ ಈ ವಿಷಯದಲ್ಲಿ ನಾನು ಮತ್ತೆ ಬಾಯಿ ಬಿಡಲ್ಲ."

ಬದರಿನಾಥ ಒಪ್ಪಿದ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಇಂಥ ಆಫರ್ ಅವನಿಗೆ ಎಂದೂ ಬಂದಿರಲಿಲ್ಲ.

ಶನಿವಾರ ಗಾಳಿ ಜೋರಾಗಿತ್ತು. ಗುನಿಲ್ಲಾಳ ಹೊಲ ಊರಿಂದ ಅರ್ಧ ಗಂಟೆ ದೂರ. ಅರವತ್ತು ದಾಟಿದ, ಮಾತು ಕಮ್ಮಿಯ ಹೆಂಗಸು. ರಬ್ಬರ್ ಬೂಟು ಹಾಕಿಕೊಂಡು ಬೇಲಿಯ ಗೇಟು ತೆಗೆದಳು. ಒಂದು ಇಪ್ಪತ್ತು ಕುರಿಗಳಿದ್ದವು. ಬದರಿನಾಥ ಕಾಯಿಗಳನ್ನು ಬಾಚಿ ಬಾಚಿ ಹುಲ್ಲಿನ ಮೇಲೆ ಸುರಿದ. ಕುರಿಗಳು ಬಂದವು, ಮೂಸಿದವು, ಅವನ ಮುಖ ನೋಡಿದವು, ತಿರುಗಿ ಹೋದವು. ಅವನು ಒಂದು ಕಾಯಿ ಮುರಿದು ತಾನೇ ಕಚ್ಚಿ ತೋರಿಸಿದ. "ನೋಡಿ, ಸಿಹಿ ಇದೆ," ಎಂದು ಕನ್ನಡದಲ್ಲೇ ಹೇಳಿದ. ಆಮೇಲೆ ಮೊಣಕಾಲೂರಿ ಕೂತು ಮೆಲ್ಲಗೆ "ಬ್ಯಾ" ಎಂದ. ಒಂದು ಟಗರು ಎರಡು ಹೆಜ್ಜೆ ಹಿಂದೆ ಸರಿಯಿತು. ಗುನಿಲ್ಲಾಳೂ ಸರಿದಳು.

ರಾಜಲಕ್ಷ್ಮಿ ಬೇಲಿಗೊರಗಿ ಮನಸ್ಸಿನಲ್ಲೇ ಮೆಂತ್ಯದ ಮಡಿ ಕಟ್ಟುತ್ತಿದ್ದಳು. ಎಷ್ಟೋ ತಿಂಗಳ ನಂತರ ಸಿಕ್ಕ ಜಯ. ಒಂದು ಒಳ್ಳೆಯ ಚುಚ್ಚುಮಾತು ಕೂಡ ನಾಲಗೆಯ ತುದಿಗೆ ಬಂದಿತ್ತು. ಆದರೆ ಬದರಿನಾಥ ವಾದ ಮಾಡಲಿಲ್ಲ. ಬೇರೆ ತಳಿಯ ಕುರಿ ಆಗಿದ್ದರೆ ಎನ್ನಲಿಲ್ಲ. ಬಗ್ಗಿ ಒಂದೊಂದೇ ಕಾಯಿ ಆರಿಸಿ, ಮಣ್ಣು ಒರೆಸಿ, ಚೀಲಕ್ಕೆ ಹಾಕತೊಡಗಿದ. ಅವನ ಟೋಪಿ ಗಾಳಿಗೆ ಹಾರಿಹೋದದ್ದು ಕೂಡ ಅವನಿಗೆ ಗೊತ್ತಾಗಲಿಲ್ಲ. ಬೋಳಾಗುತ್ತಿದ್ದ ಆ ನೆತ್ತಿಯನ್ನು ನೋಡಿ ರಾಜಲಕ್ಷ್ಮಿಗೆ ಏನೋ ಆಯಿತು. (ಏನಾಯಿತೆಂದು ಆಮೇಲೆ ಅವಳು ಬಹಳ ಸಲ ತನ್ನನ್ನೇ ಬೈದು ಕೇಳಿಕೊಂಡದ್ದುಂಟು.)

"ಕೊಡಿ ಇಲ್ಲಿ," ಎಂದಳು.

"ಬಿಡು ರಾಜಿ. ತಿನ್ನಲ್ಲ ಅವು."

"ಇಷ್ಟುದ್ದ ಬೆಲ್ಟ್ ಮುಂದೆ ಇಟ್ರೆ ನೀವು ತಿಂತಿದ್ರಾ? ಕೊಡಿ ಅಂದೆ."

ಕಾಯಿಗಳನ್ನು ಬೇಲಿ ಪಕ್ಕದ ಚಪ್ಪಡಿಯ ಮೇಲಿಟ್ಟು ಕಲ್ಲಿನಿಂದ ಜಜ್ಜಿ, ಚೂರು ಮಾಡಿ, ಗುನಿಲ್ಲಾಳ ಬಕೆಟ್ಟಿನಲ್ಲಿದ್ದ ಓಟ್ಸ್‌ಗೆ ಬೆರೆಸಿ, ಅವಳಿಂದಲೇ ತರಿಸಿಕೊಂಡ ಬೆಚ್ಚನೆಯ ನೀರು ಸ್ವಲ್ಪ ಚಿಮುಕಿಸಿ, ಅವಲಕ್ಕಿ ಕಲಸುವ ಹಾಗೆ ಎರಡೂ ಕೈಯಲ್ಲಿ ಕಲಸಿದಳು. ಮೊದಲು ಒಂದು ಮುದಿ ಕುರಿ ಬಂತು. ನೆಕ್ಕಿತು. ನಿಂತು ಯೋಚಿಸಿತು. ಮತ್ತೆ ನೆಕ್ಕಿತು. ಮರುಗಳಿಗೆಯಲ್ಲಿ ಬಕೆಟ್ಟೂ ಕಾಣಲಿಲ್ಲ, ರಾಜಲಕ್ಷ್ಮಿಯೂ ಕಾಣಲಿಲ್ಲ. ಉಣ್ಣೆಯ ಮಧ್ಯದಿಂದ ಗುನಿಲ್ಲಾ ಅವಳನ್ನು ಎಳೆದು ತೆಗೆದಾಗ ಹೊಸ ಕೋಟಿನ ಒಂದು ಗುಂಡಿಯೂ ಉಳಿದಿರಲಿಲ್ಲ.

ಬದರಿನಾಥನ ಮುಖ ದೀಪಾವಳಿಯಾಗಿತ್ತು. "ತಿಂದ್ವು," ಎಂದ.

ರಾಜಲಕ್ಷ್ಮಿ ಬಾಯಿ ತೆರೆದಳು. ಕೊಟ್ಟ ಮಾತು ನೆನಪಾಗಿ ಮುಚ್ಚಿದಳು.

ಗುನಿಲ್ಲಾ ಖಾಲಿ ಬಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಅಪರೂಪಕ್ಕೆ ಎರಡು ವಾಕ್ಯ ಮಾತಾಡಿದಳು. ಚಳಿಗಾಲಕ್ಕೆ ಇದು ಒಳ್ಳೆಯ ಮೇವು, ಪ್ರತಿ ವಾರ ತಂದರೆ ಸಂತೋಷ. ಆದರೆ ಲಕ್ಷ್ಮಿ ಮಾಡಿದ ಹಾಗೇ ಇರಬೇಕು, ಇಡೀ ಕಾಯಿ ತಂದರೆ ಮುಟ್ಟುವುದಿಲ್ಲ.

"ಖಂಡಿತ ಮಾಡ್ತಾಳೆ," ಎಂದ ಬದರಿನಾಥ.

ಅಂದಿನಿಂದ ಶನಿವಾರಗಳ ಬೆಳಗು ಬೇರೆಯಾಯಿತು. ಮಗಳು ಕಿವಿಗೆ ದಿಂಬು ಒತ್ತಿಕೊಂಡು ಮಲಗಿರುತ್ತಿದ್ದಳು. ಬೆಂಗಳೂರಿನಿಂದ ಹೊತ್ತು ತಂದ ಮಿಕ್ಸಿಯಲ್ಲಿ ರಾಜಲಕ್ಷ್ಮಿ ಕಾಯಿ ಹಾಕಿ, ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕಲ್ಲಿನಂಥ ಬೀಜಗಳು ಒಳಗೆ ಗುಂಡು ಹಾರಿಸುವುದನ್ನು ಕೇಳುತ್ತ ನಿಂತಿರುತ್ತಿದ್ದಳು. ಇಂಥ ಒಂದು ಬೆಳಿಗ್ಗೆ ಬದರಿನಾಥ ಕಾಫಿ ಲೋಟ ಹಿಡಿದು ಅಡುಗೆಮನೆಗೆ ಬಂದ. ಮದುವೆಯಾದಾಗಿನಿಂದ ಅವಳ ಅಡುಗೆಗೆ ಒಂದು ಕೊಂಕು ಮಾತನ್ನೂ ಆಡಿದವನಲ್ಲ. ಉಪ್ಪಿಲ್ಲದ ಸಾರನ್ನೂ ಎರಡನೇ ಸಲ ಬಡಿಸಿಕೊಂಡು ಉಂಡವನು.

ಅವಳು ಮುಚ್ಚಳ ತೆಗೆದಾಗ ಜಾರಿನೊಳಗೆ ಬಗ್ಗಿ ನೋಡಿದ. ಕಾಫಿ ಒಂದು ಗುಟುಕು ಕುಡಿದ.

"ಇನ್ನೊಂಚೂರು ನುಣ್ಣಗೆ ಮಾಡು ರಾಜಿ. ಹೋದ ವಾರದ್ದು ಬೀಜ ಎಲ್ಲ ಇಡಿಯಾಗೇ ಹೊರಗೆ ಬಂದಿತ್ತು."

"ಗುನಿಲ್ಲಾ ಹೇಳಿದ್ರಾ?"

"ಇಲ್ಲ, ನಾನೇ ಹಿಕ್ಕೆ ಒಡೆದು ನೋಡ್ದೆ."

ರಾಜಲಕ್ಷ್ಮಿ ಮುಚ್ಚಳ ಹಾಕಿ, ಮಿಕ್ಸಿಯನ್ನು ಮೂರನೇ ನಂಬರಿಗೆ ತಿರುಗಿಸಿದಳು.