ತೆಂಗಿನಕಾಯಿ ಅಗ್ಗವಾಗಿರುವ ದೇಶ

೧೯೭೪ನೇ ಇಸವಿ, ಡಿಸೆಂಬರ್ ಎಂಟು, ಭಾನುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ನಮ್ಮ ಸೋದರಮಾವನಷ್ಟು ದೇಶ ಸುತ್ತಿದವರು ಇಡೀ ರಾಜಾಜಿನಗರದಲ್ಲಿ ಇನ್ನೊಬ್ಬರಿಲ್ಲ. ಈ ಒಂದು ವರ್ಷದಲ್ಲೇ ಸಿಲೋನು, ಮಲಯಾ, ಮಾರಿಷಸ್ಸು, ಫಿಜಿ ಎಲ್ಲ ಮುಗಿಸಿದ್ದಾರೆ. ಅವರು ಊರಂಚಿನ ನಾಯಂಡಹಳ್ಳಿ ದಾಟಿದ್ದನ್ನು ಮಾತ್ರ ನಾನು ಕಂಡಿಲ್ಲ!

ವಿಷಯ ಇಷ್ಟೇ. ಬರುವ ಮಾರ್ಚಿಗೆ ಮಾವ ರಿಟೈರ್ ಆಗುತ್ತಾರೆ. ಈ ಮನೆ ಮಾರಿ, ಅತ್ತೆಯನ್ನು ಕರೆದುಕೊಂಡು, ವರ್ಷವಿಡೀ ಸೆಖೆ ಇರುವ, ಖರ್ಚು ಕಡಿಮೆ ಇರುವ ಯಾವುದಾದರೂ ಸಮುದ್ರದ ದೇಶದಲ್ಲಿ ನೆಲೆಸಬೇಕು ಎನ್ನುವುದು ಅವರ ಹಟ. ಈ ಮನೆ ಬಿಟ್ಟು ಕದಲುವುದಿಲ್ಲ ಎನ್ನುವುದು ಅತ್ತೆಯ ಹಟ. ಕೆಲಸದ ಸಲುವಾಗಿ ಈ ವರ್ಷದಿಂದ ಅವರ ಮನೆಯಲ್ಲಿರುವ ನಾನು ಎರಡು ಹಟಗಳ ನಡುವೆ ತಟ್ಟೆ ಹಾಕಿಕೊಂಡು ಊಟ ಮಾಡುವವಳು. ಈ ಜಗಳ ಎಷ್ಟು ಸಲ ಆಯಿತೆಂದು ಜನವರಿಯಿಂದ ಡೈರಿಯಲ್ಲಿ ಗೀಟು ಹಾಕುತ್ತಾ ಬಂದೆ. ಆಮೇಲೆ ಕೈ ಸೋತು ಬಿಟ್ಟುಬಿಟ್ಟೆ.

"ಅಲ್ಲಿ ತೆಂಗಿನಕಾಯಿ ತಾನಾಗೇ ಬೀಳುತ್ತೆ ಕಣೇ! ಬಿದ್ದ ಕಾಯಿಗೆ ಯಾರಾದ್ರೂ ದುಡ್ಡು ಕೊಡ್ತಾರಾ?"

"ತಲೆ ಮೇಲೆ ಬಿದ್ರೆ ಡಾಕ್ಟರಿಗೆ ಕೊಡ್ಬೇಕಲ್ಲ!"

ಅತ್ತೆಯ ಈ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದು ಬರುವ ಮೊದಲೇ ಸಾರಿಗೆ ಕೈ ಚಾಚುತ್ತೇನೆ.

ಏಪ್ರಿಲ್‌ನಲ್ಲಿ ಮಾವನ ಸೆಖೆಯ ಅಭ್ಯಾಸ ಶುರುವಾಯಿತು. ಮೈ ಈಗಿನಿಂದಲೇ ಒಗ್ಗಬೇಕಂತೆ! ರಜೆ ಹಾಕಿ, ಬನಿಯನ್ನು, ಪಂಚೆ ತೊಟ್ಟು, ಸುಡುವ ಮಧ್ಯಾಹ್ನ ತಾರಸಿಯ ಮೇಲೆ ಕೂತರು. ಎದುರುಮನೆಯಾಕೆ ಒಂದು ದಿನ ನೋಡಿದರು, ಎರಡು ದಿನ ನೋಡಿದರು.

"ಸಾರ್, ಹೆಂಗೂ ಕೂತಿದೀರಲ್ಲ, ನಮ್ಮ ಸಂಡಿಗೆನೂ ಸ್ವಲ್ಪ ನೋಡ್ಕೊಳ್ಳಿ. ಕಾಗೆ ಕಾಟ."

ವಾರ ಕಳೆಯುವುದರಲ್ಲಿ ನಮ್ಮ ತಾರಸಿಯ ಮೇಲೆ ನಾಲ್ಕು ಮನೆಯ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ನಡುವೆ ಕೋಲು ಹಿಡಿದ ಮಾವ. ಆ ಬೇಸಿಗೆಯಲ್ಲಿ ನಮ್ಮ ಬೀದಿಯಿಂದ ದೇಶಾಂತರ ಹೋದದ್ದು ಕಾಗೆಗಳು ಮಾತ್ರ!

ಸಿಲೋನಿನ ಟೀ ತೋಟದಲ್ಲಿದ್ದು ಬಂದವರೊಬ್ಬರು ನಾಯಂಡಹಳ್ಳಿಯಲ್ಲಿ ಗ್ಯಾರೇಜಿನ ಪಕ್ಕ ಟೀ ಅಂಗಡಿ ಇಟ್ಟಿದ್ದಾರೆ ಎಂಬ ಸುದ್ದಿ ಬಂತು. ಭಾನುವಾರದ ನನ್ನ ನಿದ್ದೆ ಹಾಳು. ಮಾವ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೊರಟರು.

"ಸಿಲೋನು ಭಾರಿ ಅಗ್ಗವಂತೆ, ಚೆನ್ನಾಗಿದೆಯಂತೆ?" ಮಾವ ಕೇಳಿದರು.

"ಅಷ್ಟು ಚೆನ್ನಾಗಿದ್ದಿದ್ರೆ ನಾನ್ಯಾಕೆ ಸ್ವಾಮಿ ಇಲ್ಲಿ ಬಂದು ಲೋಟ ತೊಳೀತಿದ್ದೆ?"

ಇದಕ್ಕೆಲ್ಲ ಮಾವ ಬಗ್ಗುವವರಲ್ಲ. ಕಾಯಿ, ಅಕ್ಕಿ, ಬಾಡಿಗೆ ಎಲ್ಲ ವಿಚಾರಿಸಿ ಕೊನೆಗೆ ಕೇಳಿದರು: "ಬೆಳಗಿನ ಜಾವ ಹೊದಿಕೆ ಬೇಕಾಗುತ್ತಾ?"

"ನಾನಿದ್ದದ್ದು ಬೆಟ್ಟದ ಮೇಲೆ ಸ್ವಾಮಿ. ಎರಡು ಕಂಬಳಿ ಹೊದ್ರೂ ನಡುಕ!"

ಮಾವ ಟೀಯನ್ನು ಅರ್ಧಕ್ಕೇ ಇಟ್ಟರು. ನಮ್ಮ ಬಸ್ಸು ಬಾಪೂಜಿನಗರ ದಾಟುವಷ್ಟರಲ್ಲಿ ಸಿಲೋನು ರದ್ದಾಗಿ ಮಲಯಾ ಬಂದಿತ್ತು. ಮುಂದೆ ಹೊರದೇಶ ಕಂಡವರು ಯಾರೇ ಸಿಗಲಿ, ಮಾವನ ಕೊನೆಯ ಪ್ರಶ್ನೆ ಇದೇ. ನನಗೋ ನಾಚಿಕೆ. ದೇಶ ಬಿಡುವವರು ಕೇಳುವ ಪ್ರಶ್ನೆಯೇ ಇದು?

ಕಳೆದ ತಿಂಗಳು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಳು. ಮಾವ ತಮ್ಮ ಸ್ವೆಟರು, ಮಫ್ಲರು ಎರಡನ್ನೂ ಅವಳ ಬುಟ್ಟಿಗೆ ಹಾಕಿ ಒಂದು ಚೊಂಬು ಇಸಿದುಕೊಂಡರು. "ಸಮುದ್ರದ ದೇಶದಲ್ಲಿ ಸ್ವೆಟರ್ ಯಾಕೆ?" ಎಂದು ಗತ್ತಿನಿಂದ ಒಳಬಂದರು. ಆ ವಾರವೇ ಚಳಿ ಇಳಿಯಿತು. ಹಲ್ಲು ಕಟಕಟಿಸುತ್ತಾ ಕೂತ ಗಂಡನನ್ನು ಅತ್ತೆ ನೋಡಿದರು.

"ರೀ, ಆ ಚೊಂಬನ್ನೇ ಹೊದ್ಕೊಂಡು ಮಲ್ಕೊಳ್ಳಿ."

ಹೀಗೆಂದವರಿಗೆ ಕೆಮ್ಮು ಬಂತು. ಚಳಿ ಬಿದ್ದರೆ ಅತ್ತೆಗೆ ಹೀಗೆಯೇ. ಕೇಳಿದರೆ "ಧೂಳು ಕಣೇ" ಎನ್ನುತ್ತಾರೆ. ಐದು ಗಂಟೆಗೇ ಎದ್ದು ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ನೀರು ದಂಡವಾಗುವುದೆಂದು ನಾನು ಎಷ್ಟೋ ಸಲ ಗೊಣಗಿದ್ದೇನೆ.

ಇವತ್ತು ಬೆಳಿಗ್ಗೆ ಮನೆ ಕೊಳ್ಳುವವರು ಬಂದರು. ಹೊಸಹಳ್ಳಿಯ ಕಡೆ ವರ್ಕ್‌ಶಾಪ್ ಇಟ್ಟಿರುವ ಹಿರಿಯರು. ಗೋಡೆ ತಟ್ಟಿ ನೋಡಿದರು, ಬಾವಿ ಬಗ್ಗಿ ನೋಡಿದರು, ಕುರ್ಚಿಯಲ್ಲಿ ಕೂತರು. ಅತ್ತೆ ಕಾಫಿ ಲೋಟಗಳನ್ನು ಟೇಬಲ್ಲಿಗೆ ಕುಕ್ಕಿ ಅಡಿಗೆಮನೆಗೆ ಹೋದರು.

"ಮನೆ ಗಟ್ಟಿಯಾಗಿದೆ. ಇಂಥ ಮನೆ ಬಿಟ್ಟು ಯಾಕ್ ಸಾರ್ ಹೋಗ್ತೀರಿ?"

ಮಾವ ಗಂಟಲು ಸರಿಮಾಡಿಕೊಂಡರು. ಇನ್ನೇನು, ತೆಂಗಿನಕಾಯಿ ಬಂತು ಎಂದು ನಾನು ಗೋಡೆಗೆ ಒರಗಿದೆ. ಅಷ್ಟರಲ್ಲಿ ಒಳಗೆ ಅತ್ತೆಗೆ ಕೆಮ್ಮು ಹತ್ತಿತು. ಹನ್ನೊಂದು ಗಂಟೆ; ಸದ್ದು ಮುಚ್ಚುವ ನಲ್ಲಿಯ ನೀರು ನಿಂತುಹೋಗಿತ್ತು. ಕೆಮ್ಮಿನ ಹಿಂದೆಯೇ ಸುಯ್ಯೆನ್ನುವ ಉಸಿರು, ಎಳೆದರೂ ಒಳಗೆ ಹೋಗದ ಉಸಿರು, ನಡುಮನೆಯವರೆಗೂ ಕೇಳಿಸಿತು.

ಮಾವ ಕೈಯ ಲೋಟ ಕೆಳಗಿಟ್ಟರು.

"ಇಲ್ಲಿಯ ಚಳಿ ಅವಳಿಗಾಗಲ್ಲ ಸಾರ್," ಎಂದರು. "ಹೋದ ವರ್ಷ ಡಿಸೆಂಬರಲ್ಲಿ ಕೈಬಿಟ್ಟೇ ಹೋಗೋಳಿದ್ಲು. ಅವಳಿಗೋಸ್ಕರ ಅಂದ್ರೆ ಹೊರಡೋಳಲ್ಲ. ಅದಕ್ಕೇ ಕಾಯಿ, ಅಕ್ಕಿ ಅಂತ ಏನೇನೋ..."

ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಬಂದವರು ಕಾಫಿ ಮುಗಿಸಿ, "ಇಬ್ಬರೂ ಮಾತಾಡ್ಕೊಳ್ಳಿ ಸಾರ್, ಅವಸರ ಏನಿಲ್ಲ" ಎಂದು ಹೊರಟರು. ಆಮೇಲೆ ಅತ್ತೆ ಕೇಳಿದರು:

"ಹಾಗಾದ್ರೆ ತೆಂಗಿನಕಾಯಿ ಅಗ್ಗ ಅಂದಿದ್ದು ಸುಳ್ಳಾ?"

"ಇಲ್ಲ ಕಣೇ, ಅದೂ ಅಗ್ಗಾನೇ."

ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಂಡರು. ಒಳಗೆ ಹೋಗುತ್ತಾ, ತಿರುಗಿ ನೋಡದೆ ಕೇಳಿದರು: "ಅಲ್ಲಿ ಅವರೆಕಾಯಿ ಸಿಗುತ್ತಾ?"

ಮಾವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಓದುಗರಲ್ಲಿ ಹೊರಗಿನ ಬೆಚ್ಚನೆಯ ದೇಶಗಳನ್ನು ಕಂಡವರಿದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಕಾಯಿಯ ಬೆಲೆ ಬೇಡ. ಅವರೆಕಾಯಿ ಸಿಗುತ್ತದೆಯೇ, ಬೆಳಗಿನ ಜಾವ ಹೊದಿಕೆ ಬೇಕಾಗುತ್ತದೆಯೇ, ಇವೆರಡು ತಿಳಿಸಿದರೆ ಸಾಕು.